ಖುಲಾಸೆಯಾದರೂ ಮುಚ್ಚದ ಕಡತ

ಇ-ಕೋರ್ಟ್ಸ್ ಜಾಲತಾಣದಲ್ಲಿ ಕರ್ನಾಟಕವನ್ನೂ ಕೊಪ್ಪಳ ಜಿಲ್ಲೆಯನ್ನೂ ಆರಿಸಿಕೊಂಡರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನ್ಯಾಯಾಲಯಗಳು ತೆರೆದುಕೊಳ್ಳುತ್ತವೆ. ಅಲ್ಲಿ ಒಂದು ಹೆಸರು, ಒಂದು ಇಸವಿ ಬರೆದರೆ ಸಾಕು. ಆ ವರ್ಷ ಆ ಹೆಸರಿನವರ ಮೇಲಿದ್ದ ಪ್ರಕರಣಗಳು, ಅವುಗಳ ಕಲಂ, ಯಾವ ದಿನ ಏನಾಯಿತು ಎಂಬ ವಿವರ ಎಲ್ಲವೂ ಮೊಬೈಲ್ ಪರದೆಯ ಮೇಲೆ ಬರುತ್ತವೆ. ನೋಡುವವರು ವಕೀಲರಾಗಬೇಕಿಲ್ಲ, ಕಕ್ಷಿದಾರರಾಗಬೇಕಿಲ್ಲ. ಪುಣೆಯ ಕಂಪನಿಯ ನೇಮಕಾತಿ ವಿಭಾಗದವರು ನೋಡಬಹುದು, ಹೆಣ್ಣು ಕೊಡಲು ಹೊರಟ ಬೀಗರೂ ನೋಡಬಹುದು. ನ್ಯಾಯಾಲಯ ತೆರೆದ ಬಾಗಿಲಲ್ಲಿ ಕೆಲಸ ಮಾಡಬೇಕು ಎಂಬ ತತ್ವದಿಂದ ಬಂದ ವ್ಯವಸ್ಥೆ ಇದು. ಆ ತತ್ವದ ಮೇಲೆ ನನಗೆ ಗೌರವವಿದೆ. ನನ್ನ ಚಿಂತೆ ಬೇರೆ. ಈ ಬಾಗಿಲು ತೆರೆಯುವುದು ಇಷ್ಟು ಸುಲಭವಾದ ಮೇಲೂ, ಖುಲಾಸೆಯಾದವನು ಅದನ್ನು ಮುಚ್ಚಿ ಎಂದು ಕೇಳಲು ನಮ್ಮಲ್ಲಿ ಒಂದು ಅರ್ಜಿಯ ನಮೂನೆಯೂ ಇಲ್ಲ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅದಕ್ಕೆ ಕಾನೂನಿದೆ. ಸಣ್ಣ ಅಪರಾಧ ಮಾಡಿ ಶಿಕ್ಷೆ ಮುಗಿಸಿದವರು, ಇಲ್ಲವೇ ಆರೋಪದಿಂದ ಬಿಡುಗಡೆಯಾದವರು ನ್ಯಾಯಾಲಯಕ್ಕೆ ಅರ್ಜಿ ಹಾಕಿ ದಾಖಲೆಗೆ ಮೊಹರು ಹಾಕಿಸಬಹುದು, ಕೆಲವೆಡೆ ಅಳಿಸಿಯೇ ಹಾಕಬಹುದು. 2018ರಲ್ಲಿ ಪೆನ್ಸಿಲ್ವೇನಿಯಾ ಒಂದು ಹೆಜ್ಜೆ ಮುಂದೆ ಹೋಗಿ, ಅರ್ಜಿಯೇ ಇಲ್ಲದೆ ಗಣಕಯಂತ್ರವೇ ಹಳೆಯ ಸಣ್ಣ ಪ್ರಕರಣಗಳನ್ನು ಮುಚ್ಚುವ 'ಕ್ಲೀನ್ ಸ್ಲೇಟ್' ಕಾನೂನು ಮಾಡಿತು. ಬ್ರಿಟನ್ನಿನಲ್ಲಿ 1974ರಿಂದಲೂ ಅಪರಾಧಿಗಳ ಪುನರ್ವಸತಿ ಕಾಯ್ದೆಯಿದೆ. ನಿಗದಿತ ವರ್ಷ ಸರಿದ ಮೇಲೆ ಹಳೆಯ ಶಿಕ್ಷೆಯನ್ನು 'ಸವೆದದ್ದು' ಎಂದು ಬಗೆದು, ಸಾಮಾನ್ಯ ಕೆಲಸಕ್ಕೆ ಸೇರುವಾಗ ಹೇಳಬೇಕಿಲ್ಲ ಎನ್ನುತ್ತದೆ ಅದು.

ಅಮೆರಿಕದಲ್ಲೂ ತೊಡಕು ಹುಟ್ಟುವುದು ಗಡಿ ದಾಟಿದಾಗಲೇ. ಒಂದು ರಾಜ್ಯ ಮುಚ್ಚಿದ ಕಡತವನ್ನು ಇನ್ನೊಂದು ರಾಜ್ಯದ ಕಚೇರಿ ಮುಚ್ಚಿದ್ದೆಂದೇ ಕಾಣಬೇಕಾಗಿಲ್ಲ. ವಲಸೆ ಕಾನೂನಂತೂ ಒಕ್ಕೂಟ ಸರ್ಕಾರದ್ದು, ರಾಜ್ಯದ ಕ್ಷಮೆಗೆ ಅದು ಬಗ್ಗುವುದಿಲ್ಲ. ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕುವ ಕನ್ನಡಿಗರನ್ನು ಆ ಅರ್ಜಿ, ದಾಖಲೆ ಮೊಹರಾಗಿದ್ದರೂ ಅಳಿಸಿಹೋಗಿದ್ದರೂ ಬಂಧನದ ವಿವರ ತಿಳಿಸಿ ಎಂದೇ ಕೇಳುತ್ತದೆ. ವೀಸಾ ಬೇಡುವ ನಮ್ಮೂರ ಎಂಜಿನಿಯರ್ ತುಂಬುವ ಅರ್ಜಿಯಲ್ಲೂ, ಕ್ಷಮಾದಾನ ಸಿಕ್ಕಿದ್ದರೂ ಸರಿಯೇ, ಎಂದಾದರೂ ಬಂಧನವಾಗಿತ್ತೇ ಎಂಬ ಪ್ರಶ್ನೆಯಿದೆ. ಕೊಪ್ಪಳದ ಠಾಣೆಯೊಂದರ ಹಳೆಯ ಗುನ್ನೆ ಸಾಗರ ದಾಟಿ ಉತ್ತರ ಬೇಡುವುದು ಹೀಗೆ.

ಭಾರತದಲ್ಲಿ ವಯಸ್ಕರ ಅಪರಾಧ ದಾಖಲೆಯನ್ನು ಅಳಿಸುವ ಸಾಮಾನ್ಯ ಕಾನೂನೇ ಇಲ್ಲ. ಅಲ್ಲೊಂದು ಇಲ್ಲೊಂದು ಕಿಂಡಿಯಿದೆ, ಅಷ್ಟೆ. ಕಿಂಡಿಗಳ ಮಾತಿಗೆ ಮೊದಲು ನಮ್ಮ ನಾಲ್ಕು ಊರುಗಳ ನ್ಯಾಯಾಲಯಗಳಿಗೆ ಜನ ಯಾವ ಕಾರಣಕ್ಕೆ ಬರುತ್ತಾರೆ ಎಂಬುದನ್ನು ನೋಡಬೇಕು. ದಾಖಲೆ ಎಂದಾಕ್ಷಣ ಕೊಲೆ, ದರೋಡೆ ಕಣ್ಣ ಮುಂದೆ ಬರುತ್ತವೆ. ಆದರೆ ಹಳ್ಳಿಯ ಹುಡುಗರ ಹೆಸರಿಗೆ ಅಂಟುವ ದಾಖಲೆ ಬಹುಮಟ್ಟಿಗೆ ಆ ಜಾತಿಯದಲ್ಲ.

ಮೊದಲನೆಯದು ಹೊಲದ ಬದುವಿನ ಜಗಳ. ಎರಡು ಮನೆತನದವರು ಬಡಿದಾಡಿಕೊಂಡರೆ ಎರಡೂ ಕಡೆಯಿಂದ ಫಿರ್ಯಾದಿ ಬೀಳುತ್ತದೆ: ಒಂದು ಕೇಸು, ಒಂದು ಕೌಂಟರ್ ಕೇಸು. ಫಿರ್ಯಾದಿಯಲ್ಲಿ ಬಡಿದವನ ಹೆಸರಷ್ಟೇ ಇರುವುದಿಲ್ಲ. ಅವನ ಅಣ್ಣ, ತಮ್ಮ, ಚಿಕ್ಕಪ್ಪನ ಮಕ್ಕಳು, ಕಾಲೇಜಿಗೆ ಹೋಗುವ ಮಗ ಎಲ್ಲರ ಹೆಸರೂ ಸೇರುತ್ತವೆ. ಐದು ಅಥವಾ ಅದಕ್ಕಿಂತ ಹೆಚ್ಚು ಜನರಾದರೆ ಅಕ್ರಮ ಕೂಟ, ದೊಂಬಿಯ ಕಲಂ ಬೀಳುತ್ತದೆ. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವ ಹುಡುಗನ ಹೆಸರನ್ನು ಬೇಕೆಂದೇ ಬರೆಸುವುದೂ ಉಂಟು, ಹಗೆ ತೀರಿಸಿಕೊಳ್ಳಲು ಅದಕ್ಕಿಂತ ಅಗ್ಗದ ದಾರಿ ಇಲ್ಲವಲ್ಲ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ. ಸಾದಾ ಹೊಡೆತ, ಬೈಗುಳದಂಥ ಕಲಂಗಳಾದರೆ ನ್ಯಾಯಾಲಯದಲ್ಲೇ ರಾಜಿಗೆ ಅವಕಾಶವಿದೆ, ಆ ರಾಜಿಗೆ ಕಾನೂನು ಖುಲಾಸೆಯ ಬಲವನ್ನೇ ಕೊಡುತ್ತದೆ. ದೊಂಬಿಯ ಕಲಮಿಗೆ ರಾಜಿ ಇಲ್ಲ. ಅದನ್ನು ರದ್ದು ಮಾಡಿಸಬೇಕಾದರೆ ಗದಗ, ಹುಬ್ಬಳ್ಳಿ ದಾಟಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬೇಕು. 2008ರಲ್ಲಿ ಆ ಪೀಠ ಬರುವ ಮುಂಚೆ ಬೆಂಗಳೂರಿಗೇ ಹೋಗಬೇಕಿತ್ತು. ಅಷ್ಟು ದುಡ್ಡು ಯಾರಲ್ಲಿದೆ? ಹಾಗಾಗಿ ಊರವರು ಹತ್ತಿರದ ದಾರಿ ಹಿಡಿಯುತ್ತಾರೆ. ಸಾಕ್ಷಿದಾರರು ಕಟಕಟೆಯಲ್ಲಿ ನಿಂತು ನಮಗೇನೂ ಗೊತ್ತಿಲ್ಲ ಎನ್ನುತ್ತಾರೆ, ನ್ಯಾಯಾಧೀಶರು ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡುತ್ತಾರೆ. ಊರಿನ ಲೆಕ್ಕದಲ್ಲಿ ಜಗಳ ಅಲ್ಲಿಗೆ ಮುಗಿಯಿತು. ಆ ಹುಡುಗನ ಪಾಲಿಗೆ ಮಾತ್ರ 'ಸಂಶಯದ ಲಾಭ' ಎಂಬ ಆ ಎರಡು ಪದಗಳು ಮುಂದೆ ಅವನ ನೌಕರಿಯ ಬಾಗಿಲಲ್ಲಿ ಕಾದು ನಿಂತಿರುತ್ತವೆ.

ಎರಡನೆಯದು ಇಸ್ಪೀಟು ಮತ್ತು ಮಟಕಾ. ಹಬ್ಬದ ದಿನ ಅಂದರ್ ಬಾಹರ್ ಆಡುತ್ತ ಸಿಕ್ಕಿಬಿದ್ದವರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 87, ಮಟಕಾ ಚೀಟಿ ಬರೆದವರ ಮೇಲೆ ಕಲಂ 78(3). ಕೇಸು ನಡೆಸಿ ಹತ್ತು ಸಲ ಕೋರ್ಟಿಗೆ ಅಲೆಯುವುದಕ್ಕಿಂತ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋಗು ಎಂಬ ಸಲಹೆ ಬರುತ್ತದೆ. ಕೂಲಿ ಬಿಟ್ಟು ಬಂದವನಿಗೆ ಅದೇ ಸರಿ ಅನ್ನಿಸುತ್ತದೆ. ತಾನು ಕಟ್ಟಿದ್ದು ಬಸ್ಸಿನಲ್ಲಿ ಟಿಕೆಟ್ ತೆಗೆಸದ್ದಕ್ಕೆ ಕಟ್ಟುವಂಥ ದಂಡ ಎಂದುಕೊಂಡು ಅವನು ಮರೆತುಬಿಡುತ್ತಾನೆ. ಕಾನೂನಿನ ಕಣ್ಣಿಗೆ ಅದು ಅಪರಾಧ ಸಾಬೀತಾಗಿ ಆದ ಶಿಕ್ಷೆ. ಜಗಳ ಮಾಡಿ ತಲೆ ಒಡೆದು ಖುಲಾಸೆಯಾದವನಿಗಿಂತ ಇಸ್ಪೀಟು ಆಡಿ ದಂಡ ಕಟ್ಟಿದವನ ದಾಖಲೆ ಕೆಟ್ಟದ್ದಾಗಿ ಕಾಣುವ ವಿಚಿತ್ರ ಇಲ್ಲಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇಂಥವರಿಗೆಂದೇ ಇದೆ. ಸಣ್ಣ ಅಪರಾಧಕ್ಕೆ ಮೊದಲ ಸಲ ಸಿಕ್ಕವನನ್ನು ದಂಡಿಸುವ ಬದಲು ನ್ಯಾಯಾಧೀಶರು ಬುದ್ಧಿ ಹೇಳಿ ಬಿಡಬಹುದು, ಹಾಗೆ ಬಿಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ ಎಂದು ಅದರ 12ನೇ ಕಲಂ ಹೇಳುತ್ತದೆ. ಆದರೂ ತಪ್ಪು ಸಾಬೀತಾದದ್ದು ಅಳಿಸಿಹೋಗುವುದಿಲ್ಲ, ನೌಕರನ ನಡತೆಯನ್ನು ಮಾಲೀಕ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ಹಾಗಿದ್ದೂ ಇರುವ ಕಿಂಡಿಗಳಲ್ಲಿ ಇದು ದೊಡ್ಡದು. ದಂಡ ಕಟ್ಟಿಸುವ ಅವಸರದಲ್ಲಿ ಇದನ್ನು ಕೇಳುವವರು ಕಡಿಮೆ. ನಮ್ಮ ವಕೀಲ ಮಿತ್ರರು ಪ್ರತಿ ಹುಡುಗನ ಪರವಾಗಿ ಇದನ್ನು ಕೇಳಬೇಕು ಎಂದು ನಾನು ಕೈಮುಗಿದು ಬೇಡುತ್ತೇನೆ.

ಮೂರನೆಯದು ಮುಚ್ಚಳಿಕೆ. ಗಣೇಶನ ಹಬ್ಬ, ಮೊಹರಂ, ಚುನಾವಣೆ ಬಂದರೆ ಊರಲ್ಲಿ ಗಲಾಟೆ ಆಗದಿರಲೆಂದು ಪೊಲೀಸರು ಕೆಲವರ ಮೇಲೆ ಪಿಎಆರ್, ಅಂದರೆ ಮುಂಜಾಗ್ರತಾ ಕ್ರಮದ ವರದಿ, ಹಾಕುತ್ತಾರೆ. ಅವರು ತಹಶೀಲ್ದಾರರ ಮುಂದೆ ಹಾಜರಾಗಿ, ಶಾಂತಿ ಕಾಪಾಡುತ್ತೇವೆಂದು ಮುಚ್ಚಳಿಕೆ ಬರೆದುಕೊಟ್ಟು ಬರುತ್ತಾರೆ. ಅಪರಾಧವೂ ಇಲ್ಲ, ವಿಚಾರಣೆಯೂ ಇಲ್ಲ, ಶಿಕ್ಷೆಯೂ ಇಲ್ಲ. ಕೇಂದ್ರ ಸರ್ಕಾರದ ನೌಕರಿಗೆ ಸೇರುವಾಗ ತುಂಬುವ ದೃಢೀಕರಣ ನಮೂನೆಯಲ್ಲಿ ಬಂಧನ, ಮೊಕದ್ದಮೆ, ದಂಡ, ಶಿಕ್ಷೆಯ ಪ್ರಶ್ನೆಗಳ ಸಾಲಿನಲ್ಲೇ, ಎಂದಾದರೂ ಮುಚ್ಚಳಿಕೆ ಬರೆದುಕೊಟ್ಟಿದ್ದೀರಾ ಎಂಬ ಪ್ರಶ್ನೆಯೂ ಇರುತ್ತದೆ. ಹುಡುಗ 'ಇಲ್ಲ' ಎಂದು ಬರೆಯುತ್ತಾನೆ. ಸುಳ್ಳು ಹೇಳಬೇಕೆಂದಲ್ಲ, ಅದೂ ಒಂದು ಕೇಸೆಂದು ಅವನಿಗೆ ಹೊಳೆದಿರುವುದಿಲ್ಲ.

ಈ ಮೂರನ್ನೂ ಹೊತ್ತುಕೊಂಡು ನಮ್ಮ ಜನ ರಾಜ್ಯದ ಗಡಿ ದಾಟುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಣ್ಣುವ ಗಂಗಾವತಿ ಭಾಗಕ್ಕೆ ಹೊರಗಿನವರು ದುಡಿಯಲು ಬರುತ್ತಾರೆ. ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾದವರು ಗೋವಾಕ್ಕೆ, ಪುಣೆಗೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಪೊಲೀಸ್ ಎನ್ನುವುದು ಸಂವಿಧಾನದ ರಾಜ್ಯ ಪಟ್ಟಿಯ ವಿಷಯ. ಹಿಂದೆ ಯಲಬುರ್ಗಾ ಠಾಣೆಯ ರಿಜಿಸ್ಟರಿನಲ್ಲಿ ಏನಿದೆ ಎಂದು ಪಣಜಿಯವರಿಗೆ ತಿಳಿಯಬೇಕಾದರೆ ಪತ್ರ ಬರೆದು ಕಾಯಬೇಕಿತ್ತು. 2009ರಲ್ಲಿ ಕೇಂದ್ರ ಮಂಜೂರು ಮಾಡಿದ ಸಿಸಿಟಿಎನ್‌ಎಸ್ ಜಾಲ ಆ ಗಡಿಯನ್ನು ತೆಗೆದುಹಾಕಿದೆ. ದೇಶದ ಠಾಣೆಗಳು ಒಂದೇ ಜಾಲದಲ್ಲಿವೆ. ಕಳ್ಳನನ್ನು ಹಿಡಿಯಲು ಅದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಈ ವ್ಯವಸ್ಥೆಯಲ್ಲಿ ಒಂದು ಪ್ರಕರಣಕ್ಕೆ ಏಳು ನಮೂನೆಗಳಿವೆ. ಎಫ್‌ಐಆರ್ ಮೊದಲನೆಯದು, ನ್ಯಾಯಾಲಯದ ತೀರ್ಮಾನ ಆರನೆಯದು, ಮೇಲ್ಮನವಿಯ ಫಲಿತಾಂಶ ಏಳನೆಯದು. ಮೊದಲ ನಮೂನೆ ಫಿರ್ಯಾದಿ ಬಂದ ದಿನವೇ ತುಂಬುತ್ತದೆ. ಆರನೆಯದನ್ನು ಠಾಣೆಯ ಸಿಬ್ಬಂದಿ ನ್ಯಾಯಾಲಯದಿಂದ ತೀರ್ಪು ತಿಳಿದುಕೊಂಡು ತುಂಬಬೇಕು. ಅದು ಖಾಲಿ ಉಳಿದರೆ, ನಾಲ್ಕು ವರ್ಷದ ಹಿಂದೆ ಖುಲಾಸೆಯಾದವನು ಪರರಾಜ್ಯದ ಪರದೆಯ ಮೇಲೆ ಇನ್ನೂ ಆರೋಪಿಯೇ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ಆದೇಶಿಸಿತು. ಬಂಧಿತರಿಗೆ ತಮ್ಮ ಮೇಲಿನ ಆರೋಪ ತಿಳಿಯಲಿ ಎಂಬ ಒಳ್ಳೆಯ ಉದ್ದೇಶ ಅದರದು. ಖುಲಾಸೆಯಾದ ಮೇಲೆ ಅದೇ ಎಫ್‌ಐಆರನ್ನು ತೆಗೆಯಲು ಅಂಥ ಗಡುವು ಯಾರೂ ಹಾಕಿಲ್ಲ.

ಹೆಸರಿನ ಗೊಂದಲವೂ ನಮ್ಮ ಸೀಮೆಗೆ ವಿಶೇಷವಾದ ಸಂಕಟ. ಬಸವರಾಜ, ಮಂಜುನಾಥ, ಹನುಮಂತಪ್ಪ, ಯಮನೂರಪ್ಪ ಎಂಬ ಹೆಸರಿನವರು ಒಂದೊಂದು ಊರಲ್ಲೂ ಹಲವರಿದ್ದಾರೆ. ತಂದೆಯ ಹೆಸರೂ ಕೂಡಿಬರುತ್ತದೆ. ನಮ್ಮ ಎಫ್‌ಐಆರ್‌ನಲ್ಲಿ 'ತಂದೆ, ವಯಾ, ಉದ್ಯೋಗ ಒಕ್ಕಲುತನ, ಸಾ, ತಾ, ಜಿ' ಎಂದು ಊರಿನವರೆಗೂ ವಿವರ ಇರುತ್ತದೆ, ಓದಿದವರಿಗೆ ಮನುಷ್ಯ ಯಾರೆಂದು ತಿಳಿಯುತ್ತದೆ. ನ್ಯಾಯಾಲಯದ ಜಾಲತಾಣದ ಪಟ್ಟಿಯಲ್ಲಿ ಹೆಸರಷ್ಟೇ ಎದ್ದು ಕಾಣುತ್ತದೆ. ಹಿನ್ನೆಲೆ ಪರಿಶೀಲಿಸಿಕೊಡುವ ಖಾಸಗಿ ಕಂಪನಿಯವರು ದೂರದ ಊರಲ್ಲಿ ಕೂತು ಆ ಪಟ್ಟಿಗೆ ಹೆಸರು ತಾಳೆ ಹಾಕಿದರೆ, ಯಾರದೋ ಕೇಸು ಇನ್ಯಾರದೋ ಕೊರಳಿಗೆ ಬೀಳುವುದು ಕಷ್ಟವಲ್ಲ. ಹಾಗೆ ಕೆಲಸ ತಪ್ಪಿದವನಿಗೆ ಕಾರಣ ಹೇಳುವವರೂ ಇಲ್ಲ.

ಸರ್ಕಾರಿ ನೌಕರಿಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರ ಜುಲೈ 21ರಂದು ಕೊಟ್ಟ ಮಾರ್ಗಸೂಚಿಯೇ ಇಂದಿಗೂ ಆಧಾರ. ಅದರ ಸಾರ ಇಷ್ಟು. ಕೇಳಿದ ಪ್ರಶ್ನೆಗೆ ನಿಜ ಹೇಳಬೇಕು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ನೇಮಕಾತಿ ಅಧಿಕಾರಿ ಅದನ್ನು ಮನ್ನಿಸಬಹುದು. ನಿಜ ಹೇಳಿದವನ ಹಿನ್ನೆಲೆಯನ್ನೂ ಅಧಿಕಾರಿ ತೂಗಿ ನೋಡಬಹುದು, ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆ ಇಲ್ಲ. ಗೌರವಯುತ ಖುಲಾಸೆ ಬೇರೆ, ಸಂಶಯದ ಲಾಭದ ಖುಲಾಸೆ ಬೇರೆ ಎಂಬ ಭೇದ ಇಲ್ಲಿ ಕೆಲಸ ಮಾಡುತ್ತದೆ. 2022ರಲ್ಲಿ, ಮತ್ತೆ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಇನ್ನಷ್ಟು ಕರುಣೆ ತೋರಿತು. ಮುಚ್ಚಿಟ್ಟ ಮಾತ್ರಕ್ಕೆ ಯಾಂತ್ರಿಕವಾಗಿ ತೆಗೆದುಹಾಕುವುದು ಸಲ್ಲದು, ಪ್ರಕರಣದ ಸ್ವರೂಪ ನೋಡಬೇಕು ಎಂದಿತು. ಆ ಎರಡು ಸಲವೂ ಗೆದ್ದವರು ಸುಪ್ರೀಂ ಕೋರ್ಟಿನವರೆಗೂ ಹೋಗಿ ಹೋರಾಡಿದವರು. ನಮ್ಮ ತಾವರಗೇರಾದ ಹುಡುಗ ಅಷ್ಟು ದೂರ ಹೋಗುವುದಿಲ್ಲ. ಅವನ ಪಾಲಿಗೆ ಕಾನೂನು ಎಂದರೆ ಕಚೇರಿಯ ಗುಮಾಸ್ತರು ಕಡತದ ಮೇಲೆ ಬರೆದ ಒಂದು ಸಾಲು.

ಮಕ್ಕಳ ವಿಷಯದಲ್ಲಿ ಮಾತ್ರ ನಮ್ಮ ಕಾನೂನು ನಿಜವಾಗಿ ದೊಡ್ಡ ಮನಸ್ಸು ಮಾಡಿದೆ. ಅದು ಗೊತ್ತಿರಬೇಕಾದವರಿಗೆ ಗೊತ್ತಿಲ್ಲ ಎಂಬುದೇ ನನ್ನ ದೊಡ್ಡ ನೋವು. 2015ರ ಬಾಲ ನ್ಯಾಯ ಕಾಯ್ದೆಯ ಮೂರನೇ ಕಲಮಿನಲ್ಲಿ 'ಹೊಸ ಆರಂಭ'ದ ತತ್ವವಿದೆ: ವಿಶೇಷ ಸಂದರ್ಭ ಬಿಟ್ಟು, ಮಗುವಿನ ಹಳೆಯ ದಾಖಲೆಗಳನ್ನೆಲ್ಲ ಅಳಿಸಬೇಕು. 24ನೇ ಕಲಮಿನ ಪ್ರಕಾರ 18 ತುಂಬದವನು ಮಾಡಿದ ತಪ್ಪಿನಿಂದ ಯಾವ ಅನರ್ಹತೆಯೂ ಬರುವುದಿಲ್ಲ. 2016ರ ಮಾದರಿ ನಿಯಮಗಳ ಪ್ರಕಾರ, ತಪ್ಪು ಸಾಬೀತಾದ ದಾಖಲೆಯನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ ಏಳು ವರ್ಷ ಭದ್ರವಾಗಿಟ್ಟು ಆಮೇಲೆ ನಾಶ ಮಾಡಬೇಕು. 16 ದಾಟಿದವನು ಘೋರ ಅಪರಾಧ ಮಾಡಿ ವಯಸ್ಕನಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥನಾದರೆ ಮಾತ್ರ ಇದಕ್ಕೆ ಹೊರತು. 74ನೇ ಕಲಂ ಇನ್ನೂ ಸ್ಪಷ್ಟ. ಮುಗಿದ ಪ್ರಕರಣದ ಮಾಹಿತಿಯನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಲಿ, ಬೇರೆ ಯಾವುದಕ್ಕಾಗಲಿ ಹೊರಗೆ ಕೊಡುವಂತಿಲ್ಲ. ಇದು ಸಂಸತ್ತಿನ ಕಾನೂನು. ಕೊಪ್ಪಳಕ್ಕೂ ಗೋವಾಕ್ಕೂ ತೆಲಂಗಾಣಕ್ಕೂ ಒಂದೇ. ಯಲಬುರ್ಗಾದ ಹುಡುಗ ಪುಣೆಯ ಕಟ್ಟಡದ ಕೆಲಸದಲ್ಲಿದ್ದಾಗ ಅಲ್ಲಿನ ಬಾಲ ನ್ಯಾಯ ಮಂಡಳಿಯ ಮುಂದೆ ನಿಂತಿದ್ದರೆ, ಆ ಕಥೆ ಊರಿನ ಠಾಣೆಗೆ ಬಂದು ಕೂರಬಾರದು. ಕೇಂದ್ರ ಪೊಲೀಸ್ ಪಡೆಗೆ ಆಯ್ಕೆಯಾದ ಯುವಕನೊಬ್ಬನ ಬಾಲ್ಯದ ಪ್ರಕರಣವನ್ನು ಅವನ ವಿರುದ್ಧ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ ಹೇಳಿದೆ.

ಇನ್ನೂ ಒಂದು ರಕ್ಷಣೆ ನಿಯಮದಲ್ಲಿದೆ. ಮಗುವಿನ ಮೇಲೆ ಎಫ್‌ಐಆರನ್ನೇ ದಾಖಲಿಸಬಾರದು. ಠಾಣಾ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಕಳುಹಿಸಬೇಕು. ಹೊರತು ಎರಡೇ: ಅಪರಾಧ ಘೋರವಾಗಿದ್ದರೆ, ಇಲ್ಲವೇ ವಯಸ್ಕರ ಜೊತೆ ಸೇರಿ ಮಾಡಿದ್ದರೆ. ನಮ್ಮ ಬದುವಿನ ಜಗಳಗಳು ಮಕ್ಕಳನ್ನು ನುಂಗುವುದು ಈ ಎರಡನೆಯ ಹೊರತಿನಲ್ಲಿ. ಅಪ್ಪ, ಚಿಕ್ಕಪ್ಪನ ಹೆಸರಿನ ಕೆಳಗೆ 17ರ ಹುಡುಗನ ಹೆಸರು ಬರೆಸುವಾಗ ಫಿರ್ಯಾದಿದಾರ ಅಂದಾಜಿಗೆ 'ವಯಾ 19' ಎನ್ನುತ್ತಾನೆ. ಅಲ್ಲಿಗೆ ಹುಡುಗ ಕಾಗದದ ಮೇಲೆ ದೊಡ್ಡವನಾದ, ಅವನ ಎಲ್ಲ ರಕ್ಷಣೆಯೂ ಹೋಯಿತು. ಇದಕ್ಕೂ ಪರಿಹಾರವಿದೆ. ತಾನು ಆಗ 18 ತುಂಬದವನು ಎಂಬ ವಾದವನ್ನು ಯಾವ ಹಂತದಲ್ಲಾದರೂ, ತೀರ್ಪಾದ ಮೇಲೂ ಎತ್ತಬಹುದು. ಶಾಲೆಯ ಜನ್ಮ ದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅದಕ್ಕೆ ಮೊದಲ ಸಾಕ್ಷ್ಯ. ಇವತ್ತು 25 ದಾಟಿ ನೌಕರಿಗೆ ಅಲೆಯುತ್ತಿರುವವನು ತನ್ನ ಹಳೆಯ ಕೇಸಿನ ದಿನಾಂಕವನ್ನೂ ಅಂಕಪಟ್ಟಿಯನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಲಿ.

ಬೆರಳಚ್ಚಿನದು ಬೇರೆ ಕಥೆ. 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆಯನ್ನು ತೆಗೆದು ತಂದ ಹೊಸ ಕಾಯ್ದೆ 2022ರ ಆಗಸ್ಟ್ 4ರಿಂದ ಜಾರಿಯಲ್ಲಿದೆ. ಬೆರಳು, ಅಂಗೈ, ಪಾದದ ಗುರುತು, ಕಣ್ಣಿನ ಪಾಪೆ, ಸಹಿ ಮುಂತಾದವನ್ನು ಪಡೆದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 75 ವರ್ಷ ಇಟ್ಟುಕೊಳ್ಳಬಹುದು. ಅದೇ ಕಾಯ್ದೆಯ ನಾಲ್ಕನೇ ಕಲಮಿನಲ್ಲಿ ಅಳಿಸುವ ಮಾತೂ ಇದೆ. ಹಿಂದೆ ಶಿಕ್ಷೆಯಾಗದವನು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಆರೋಪಮುಕ್ತನಾದರೆ ಅಥವಾ ಖುಲಾಸೆಯಾದರೆ, ಮೇಲ್ಮನವಿಯಂಥ ಕಾನೂನಿನ ದಾರಿಗಳೆಲ್ಲ ಮುಗಿದ ಮೇಲೆ, ನ್ಯಾಯಾಲಯ ಕಾರಣ ಬರೆದು ಬೇರೆ ಆದೇಶ ಮಾಡದ ಹೊರತು ಅವನ ಗುರುತುಗಳನ್ನು ನಾಶ ಮಾಡಬೇಕು. ಅದಕ್ಕೆ ರಾಜ್ಯ ಸರ್ಕಾರ ಗೊತ್ತುಮಾಡಿದ ನೋಡಲ್ ಅಧಿಕಾರಿಗೆ ಮನವಿ ಕೊಡಬೇಕು. ಖುಲಾಸೆಯ ತೀರ್ಪು ಓದುವ ದಿನವೇ ಇದನ್ನು ಆರೋಪಿಗೆ ಹೇಳುವ ಪದ್ಧತಿ ಬಂದರೆ ಎಷ್ಟು ಒಳ್ಳೆಯದಿತ್ತು.

ಹೆಸರು ಮರೆಸುವ ಹಕ್ಕಿನ ಮಾತು ಭಾರತದಲ್ಲಿ ಮೊದಮೊದಲು ಕೇಳಿಬಂದದ್ದು ನಮ್ಮ ಹೈಕೋರ್ಟಿನಲ್ಲೇ ಎಂಬುದು ಹೆಮ್ಮೆಯ ಸಂಗತಿ. 2017ರ ಜನವರಿ 23ರಂದು ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ, ಮಹಿಳೆಯೊಬ್ಬರ ತಂದೆಯ ಅರ್ಜಿಯ ಮೇಲೆ, ಹಳೆಯ ಆದೇಶದಲ್ಲಿದ್ದ ಆಕೆಯ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಹೇಳಿದರು. ಅದೇ ವರ್ಷದ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪಿತ್ತರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2021ರ ಏಪ್ರಿಲಿನಲ್ಲಿ ದೆಹಲಿ ಹೈಕೋರ್ಟ್ ಮುಂದೆ ಬಂದವರು ಭಾರತ ಮೂಲದ ಅಮೆರಿಕನ್ ಪ್ರಜೆ. ಇಲ್ಲಿ ಮಾದಕ ವಸ್ತು ಪ್ರಕರಣದಲ್ಲಿ ಖುಲಾಸೆಯಾಗಿದ್ದ ಅವರಿಗೆ, ಅಂತರ್ಜಾಲದಲ್ಲಿದ್ದ ಆ ತೀರ್ಪೇ ಅಲ್ಲಿ ಕೆಲಸಕ್ಕೆ ಅಡ್ಡ ಬಂದಿತ್ತು. ಖುಲಾಸೆಯ ತೀರ್ಪು ಓದಿದವರಿಗೂ ನೆನಪುಳಿಯುವುದು ಆರೋಪವೇ. ಆ ತೀರ್ಪು ಹುಡುಕಾಟದಲ್ಲಿ ಸಿಗದಂತೆ ಮಾಡಲು ನ್ಯಾಯಾಲಯ ಆದೇಶಿಸಿತು. 2024ರಲ್ಲಿ ಮದ್ರಾಸ್ ಹೈಕೋರ್ಟ್ ಅಂಥದೇ ಆದೇಶ ಮಾಡಿದಾಗ, ಜುಲೈಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ತೀರ್ಪು ಸಾರ್ವಜನಿಕ ದಾಖಲೆ, ಅದನ್ನು ತೆಗೆಸಿದರೆ ಪರಿಣಾಮ ದೊಡ್ಡದು ಎಂಬ ಅಳುಕು ಅದರದು. ಆ ಅಳುಕು ಸುಳ್ಳಲ್ಲ.

ಸುಳ್ಳಲ್ಲ ಎಂದು ಹೇಳಲು ನಮ್ಮ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯೇ ಸಾಕು. 2014ರ ಆಗಸ್ಟಿನಲ್ಲಿ ಅಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಧಾರವಾಡ ಪೀಠ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ಹೈಕೋರ್ಟ್ ಏನೇ ಹೇಳಲಿ, ಆ ಕಡತ ಉಳಿಯಬೇಕು. ನೊಂದವರಿಗೆ ತಮ್ಮ ನೋವು ನ್ಯಾಯಾಲಯದ ಕಾಗದದ ಮೇಲೆ ಇದೆ ಎಂಬುದೇ ಒಂದು ಆಸರೆ. ದಾಖಲೆ ಅಳಿಸುವ ಕಾನೂನು ತರುವವರು ಜಾತಿ ದೌರ್ಜನ್ಯ, ಹೆಣ್ಣುಮಕ್ಕಳ ಮೇಲಿನ ಹಿಂಸೆ, ಅಧಿಕಾರದಲ್ಲಿದ್ದವರ ಅಕ್ರಮ ಇವನ್ನು ಮೊದಲೇ ಹೊರಗಿಡಬೇಕು. ಬಲವಿದ್ದವರು ಮೊದಲು ತಮ್ಮ ಕಡತವನ್ನೇ ಮುಚ್ಚಿಸಿಕೊಳ್ಳುತ್ತಾರೆ ಎಂಬ ಭಯ ನನಗೂ ಇದೆ.

ಆದರೆ ಬಲವಿಲ್ಲದವರ ಮೇಲೆ ದಾಖಲೆ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಸುತ್ತಲೇ ಇತಿಹಾಸವಿದೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಹುಟ್ಟಿನಿಂದಲೇ ಜನರನ್ನು ಅಪರಾಧಿಗಳೆಂದು ಬರೆದಿಟ್ಟಿತು. ನಿಜಾಮರ ಸೀಮೆಯಲ್ಲಿದ್ದ ಕೊಪ್ಪಳದ ಪಕ್ಕದಲ್ಲೇ, ಮುಂಬೈ ಪ್ರಾಂತದ ಗದಗ, ಹುಬ್ಬಳ್ಳಿ, ವಿಜಯಪುರದಲ್ಲಿ ಹರಣಶಿಕಾರಿ, ಘಂಟಿಚೋರ್, ಛಪ್ಪರಬಂದರನ್ನು ತಂದಿರಿಸಿದ ಸೆಟ್ಲಮೆಂಟುಗಳಿದ್ದವು. ಆ ಬಡಾವಣೆಗಳನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. 1952ರಲ್ಲಿ ಕಾಯ್ದೆ ರದ್ದಾಯಿತು. ಆದರೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದು. ಠಾಣೆಯ ರೌಡಿ ಪಟ್ಟಿ ಪೊಲೀಸ್ ಕೈಪಿಡಿಯ ಆದೇಶದಂತೆ ತೆರೆಯುವಂಥದು, ಅದಕ್ಕೆ ಶಿಕ್ಷೆಯಾಗಿರಲೇಬೇಕೆಂದಿಲ್ಲ. 2024ರ ಮೇ 7ರಂದು ಸುಪ್ರೀಂ ಕೋರ್ಟ್, ಹಿಂದುಳಿದ, ಪರಿಶಿಷ್ಟ ಸಮುದಾಯಗಳ ನಿರಪರಾಧಿಗಳ ಹೆಸರನ್ನು ಪೂರ್ವಗ್ರಹದಿಂದ ಹಿಸ್ಟರಿ ಶೀಟಿಗೆ ಸೇರಿಸುವ ಚಾಳಿಯ ಬಗ್ಗೆ ಎಚ್ಚರಿಸಿ, ಎಲ್ಲ ರಾಜ್ಯಗಳೂ ತಮ್ಮ ನಿಯಮ ಮರುಪರಿಶೀಲಿಸಬೇಕೆಂದಿತು. ಅಕ್ಟೋಬರ್ 3ರಂದು ಸೆರೆಮನೆಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಲು ಹೇಳಿತು. ಸ್ವಾತಂತ್ರ್ಯ ಬಂದು 77 ವರ್ಷಕ್ಕೆ ಬಂದ ಆದೇಶ ಅದು.

ಹೊಸ ಕಾನೂನು ಬರುವವರೆಗೂ ಕೊಪ್ಪಳ ಕಾಯಬೇಕಾಗಿಲ್ಲ. ಠಾಣೆಯ ಆರನೇ ನಮೂನೆ ತುಂಬುವುದು ಜಿಲ್ಲಾ ಪೊಲೀಸರ ಕೈಯಲ್ಲೇ ಇದೆ. ಏಳು ವರ್ಷ ದಾಟಿದ ಮಕ್ಕಳ ಕಡತಗಳ ಲೆಕ್ಕ ತೆಗೆಯುವುದು ಬಾಲ ನ್ಯಾಯ ಮಂಡಳಿಯ ಕೈಯಲ್ಲಿದೆ. ಖುಲಾಸೆಯಾದವರು ತೀರ್ಪಿನ ದೃಢೀಕೃತ ನಕಲನ್ನು ಆಗಲೇ ಪಡೆದು ಪಹಣಿ ಪತ್ರದ ಜೊತೆ ಭದ್ರವಾಗಿಡಬೇಕು. ಹತ್ತು ವರ್ಷದ ಮೇಲೆ ಮಗನಿಗೋ ತಮ್ಮನಿಗೋ ಪರರಾಜ್ಯದಲ್ಲಿ ಅದು ಬೇಕಾಗುತ್ತದೆ. ಅದನ್ನು ಒಯ್ದು ಠಾಣೆಗೆ ಒಂದು ಅರ್ಜಿ ಕೊಟ್ಟು, ನಿಮ್ಮ ದಾಖಲೆಯಲ್ಲಿ ಈ ತೀರ್ಪನ್ನು ಸೇರಿಸಿ ಎಂದು ಕೇಳಿ ಸ್ವೀಕೃತಿ ಪಡೆಯಬೇಕು. ಬರೆದುಕೊಡುವವರಿಲ್ಲದಿದ್ದರೆ ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲ್ಲೂಕುಗಳಲ್ಲಿ ಅದರ ಸಮಿತಿಗಳಿವೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ವಕೀಲರು ಉಚಿತವಾಗಿ ಸಿಗುತ್ತಾರೆ.